ಅಮ್ಮನ ಜೊತೆ ಮೂರು ದಿನ, ಮೂರು ದ್ವೀಪ

ಅಮ್ಮ ಊರಿಂದ ಅಮೆರಿಕಕ್ಕೆ ನಮ್ಮನೆಗೆ ಬಂದು ಮೂರು ವಾರ ಆಗಿತ್ತು. ಬ್ರಿಡ್ಜ್‌ವಾಟರ್ ಬಾಲಾಜಿ ದೇವಸ್ಥಾನ ಆಯ್ತು, ಇಂಡಿಯನ್ ಅಂಗಡಿಗಳ ಓಕ್ ಟ್ರೀ ರೋಡ್ ಆಯ್ತು, ನಯಾಗರಾನೂ ಆಯ್ತು. ಅಲ್ಲಿ ರೇಲಿಂಗ್ ಹಿಡ್ಕೊಂಡು ಐದು ನಿಮಿಷ ನೋಡಿ "ಅಗಲ ಏನೋ ಇದೆ, ಆದ್ರೆ ನಮ್ಮ ಜೋಗದಷ್ಟು ಎತ್ತರ ಇಲ್ಲ ಬಿಡು" ಅಂತ ಕೇಸ್ ಕ್ಲೋಸ್ ಮಾಡಿದ್ಲು. ಜೋಗದ ಪಕ್ಕದ ಸಾಗರ ಊರಿನ ಕಡೆಯವರನ್ನ ಜಲಪಾತ ತೋರಿಸಕ್ಕೆ ಕರ್ಕೊಂಡು ಹೋಗಿದ್ದೇ ನನ್ನ ತಪ್ಪು.

ಇನ್ನೇನು ತೋರಿಸೋದು ಅಂತ ಯೋಚ್ನೆ ಮಾಡ್ತಿದ್ದಾಗ ನೆನಪಾಯ್ತು. ಅಮ್ಮ 33 ವರ್ಷ ಸರ್ಕಾರಿ ಆಸ್ಪತ್ರೆಲಿ ಸ್ಟಾಫ್ ನರ್ಸ್, ಅದ್ರಲ್ಲಿ 11 ವರ್ಷ ಐಸೊಲೇಷನ್ ವಾರ್ಡು. ಕಾಲರಾ, ಗಂಟಲುಮಾರಿ, ಧನುರ್ವಾಯು, ಬೇಸಿಗೆ ಬಂತು ಅಂದ್ರೆ ಮಂಗನ ಕಾಯಿಲೆ. ನಾವು ಚಿಕ್ಕವರಿದ್ದಾಗ ಅವಳು ಡ್ಯೂಟಿ ಮುಗ್ಸಿ ಬಂದ್ರೆ ಹಿತ್ಲ ಬಾಗ್ಲಿಂದನೇ ಬರ್ತಿದ್ಲು, ಸ್ನಾನ ಆಗೋವರೆಗೂ ನಮ್ಮನ್ನ ಮುಟ್ತಿರ್ಲಿಲ್ಲ. ನ್ಯೂಯಾರ್ಕಲ್ಲಿ ಹಳೇ ಅಂಟುರೋಗದ ಆಸ್ಪತ್ರೆಗಳು ಮೂರು ಇವೆ, ಮೂರೂ ದ್ವೀಪದ ಮೇಲೆ, ಮೂರೂ ಮುಚ್ಚಿ ದಶಕಗಳಾಗಿವೆ, ನೋಡ್ತೀಯಾ ಅಂದೆ. "ನಿಂಗೆ ಬೇರೆ ಜಾಗ ಸಿಗ್ಲಿಲ್ವ ಮಾರಾಯ" ಅಂದ್ಲು. ಆದ್ರೆ ಮಾರನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದ್ಲು ಶೂ ಹಾಕ್ಕೊಂಡು ಕೂತಿದ್ಲು.

ದಿನ 1, ಶುಕ್ರವಾರ

ರೂಸ್‌ವೆಲ್ಟ್ ಐಲ್ಯಾಂಡ್. ಮ್ಯಾನ್‌ಹಟನ್ನಿನ 59ನೇ ಸ್ಟ್ರೀಟಿಂದ ಕೇಬಲ್ ಕಾರಲ್ಲಿ ನಾಲ್ಕೇ ನಿಮಿಷ, ನದಿ ಮೇಲೆ ತೂಗಾಡ್ಕೊಂಡು ಹೋಗೋದು. ಅಮ್ಮ ಕಣ್ಣು ಮುಚ್ಚಿ ಏನೋ ಪಠಿಸ್ತಿದ್ಲು, ಇಳಿದ ಮೇಲೆ "ಚೆನ್ನಾಗಿತ್ತು" ಅಂದ್ಲು. ದ್ವೀಪದಲ್ಲಿ ಕೆಂಪು ಬಸ್ಸು ಫ್ರೀ. ದಕ್ಷಿಣದ ತುದಿಗೆ ಇಳಿದು ಸ್ವಲ್ಪ ನಡೆದ್ರೆ ಬೇಲಿ ಹಿಂದೆ ಕಾಣೋದೇ ಸಿಡುಬಿನ ಆಸ್ಪತ್ರೆ, ಅಂದ್ರೆ ಅದರ ಗೋಡೆಗಳು. ಮೇಲೆ ಸೂರಿಲ್ಲ, ಒಳಗೆ ಮಹಡಿಯೂ ಇಲ್ಲ, ಕಿಟಕಿ ತೂತಿನಲ್ಲಿ ಆ ಕಡೆ ಆಕಾಶ ಕಾಣುತ್ತೆ. ಗೋಡೆ ಬೀಳದೇ ಇರ್ಲಿ ಅಂತ ಕಂಬಿ ಕೊಟ್ಟು ನಿಲ್ಸಿದಾರೆ.

ಕಟ್ಟಿದ್ದು 1856ರಲ್ಲಿ. ಡಿಸೈನ್ ಮಾಡಿದೋನು ಜೇಮ್ಸ್ ರೆನ್ವಿಕ್, ನ್ಯೂಯಾರ್ಕಿನ ದೊಡ್ಡ ಸೇಂಟ್ ಪ್ಯಾಟ್ರಿಕ್ ಚರ್ಚಿಗೂ ಅವನೇ ಆರ್ಕಿಟೆಕ್ಟ್, ಅದಕ್ಕೇ ಆಸ್ಪತ್ರೆ ನೋಡಕ್ಕೆ ಕೋಟೆ ಥರ ಇದೆ. ಕಲ್ಲು ಇದೇ ದ್ವೀಪದ್ದು, ಕೂಲಿ ಇದೇ ದ್ವೀಪದಲ್ಲಿದ್ದ ಜೈಲಿನ ಕೈದಿಗಳದ್ದು. ಆಗ ಇದರ ಹೆಸ್ರು ಬ್ಲ್ಯಾಕ್‌ವೆಲ್ಸ್ ಐಲ್ಯಾಂಡ್. ಊರಿಗೆ ಬೇಡ ಅನ್ಸಿದ್ದನ್ನೆಲ್ಲ ಇಲ್ಲಿಗೇ ಸಾಗಿಸ್ತಿದ್ರು: ಜೈಲು, ಹುಚ್ಚಾಸ್ಪತ್ರೆ, ಬಡವರ ಆಶ್ರಮ, ಆಮೇಲೆ ಸಿಡುಬು. ನೂರು ಹಾಸಿಗೆ. ಕೆಳಗಿನ ಮಹಡಿಗಳಲ್ಲಿ ಧರ್ಮದ ವಾರ್ಡು, ಮೇಲ್ಗಡೆ ದುಡ್ಡು ಕೊಡೋರಿಗೆ ಬೇರೆ ರೂಮು. "ಸ್ಪೆಷಲ್ ವಾರ್ಡ್ ಅವಾಗ್ಲೂ ಇತ್ತು ಅನ್ನು" ಅಂದ್ಲು ಅಮ್ಮ.

ಅವಳ ಎಡತೋಳಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಲೆ ಇದೆ, ದೇವಿ ಹಾಕಿದ್ದು, ಅಂದ್ರೆ ಸಿಡುಬಿನ ಲಸಿಕೆ. ನಂಗಿಲ್ಲ, ನಮ್ಮ ತಲೆಮಾರಿನ ಯಾರಿಗೂ ಇಲ್ಲ. ಭಾರತದಲ್ಲಿ ಕೊನೇ ಸಿಡುಬು ಕೇಸು 1975ರಲ್ಲಿ, ಪ್ರಪಂಚದಲ್ಲೇ ಇಲ್ಲ ಅಂತ ಘೋಷಣೆ ಆಗಿದ್ದು 1980ರಲ್ಲಿ. ಅಮ್ಮ ಕೆಲ್ಸಕ್ಕೆ ಸೇರಿದ್ದು ಅದೇ ವರ್ಷ, ಹಾಗಾಗಿ ಅವಳು ನೋಡದೇ ಇರೋ ಒಂದೇ ದೊಡ್ಡ ಕಾಯಿಲೆ ಇದು. "ನಮ್ಮ ಅಜ್ಜಿಗೆ ಬಂದಿತ್ತು, ಮುಖ ಎಲ್ಲ ಕುಳಿ. ಅಮ್ಮ ಬಂದಿದಾಳೆ ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿದ್ರಂತೆ."

ಸಿಡುಬಿನ ರೋಗಿಗಳನ್ನ 1880ರ ದಶಕದಲ್ಲಿ ಬೇರೆ ದ್ವೀಪಕ್ಕೆ ಸಾಗಿಸಿದ ಮೇಲೆ ಈ ಕಟ್ಟಡ ನರ್ಸಿಂಗ್ ಸ್ಕೂಲಿನ ಹುಡ್ಗೀರ ಹಾಸ್ಟೆಲ್ ಆಯ್ತು ಅಂತ ನಾನು ಹೇಳಿದ್ದೇ ತಡ ಅಮ್ಮ ಬೇಲಿಗೆ ಮುಖ ಅಂಟಿಸಿ ಮತ್ತೆ ನೋಡಕ್ಕೆ ಶುರು ಮಾಡಿದ್ಲು. ಅಲ್ಲೀವರೆಗೆ ಅದು ಪಾಳುಕೋಟೆ, ಈಗ ಹಾಸ್ಟೆಲ್ಲು. ಚಳಿಗಾಲದಲ್ಲಿ ನದಿ ಗಾಳಿ ಹ್ಯಾಗೆ ಬೀಸ್ತಿರ್ಬೇಕು, ಬಿಸಿನೀರು ಇತ್ತೋ ಇಲ್ವೋ, ನೈಟ್ ಡ್ಯೂಟಿ ಮುಗ್ಸಿ ಬಂದೋರಿಗೆ ಹಗಲು ನಿದ್ದೆ ಬರ್ತಿತ್ತೋ ಅಂತೆಲ್ಲ ಪ್ರಶ್ನೆ. ಕೊನೆಗೆ ವಾಪಸ್ ಬರೋವಾಗ ಕೇಬಲ್ ಕಾರಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ಲು.

ದಿನ 2, ಶನಿವಾರ

ಎಲಿಸ್ ಐಲ್ಯಾಂಡ್. ಇದೇ ಮುಖ್ಯ. ನಾವಿರೋದು ನ್ಯೂಜೆರ್ಸಿಯ ಜರ್ಸಿ ಸಿಟಿ, ಲಿಬರ್ಟಿ ಸ್ಟೇಟ್ ಪಾರ್ಕಿಂದ ದೋಣಿ ಹತ್ತಿದ್ರೆ ಹತ್ತೇ ನಿಮಿಷ, ಆದ್ರೆ ನಾನು ಆನ್‌ಲೈನಲ್ಲಿ ಬುಕ್ ಮಾಡೋವಾಗ ನೋಡದೇ ಮ್ಯಾನ್‌ಹಟನ್ ಕಡೆ ಟಿಕೆಟ್ ತಗೊಂಡಿದ್ದೆ. ಹಾಗಾಗಿ ಪಾತ್ ಟ್ರೇನ್ ಹತ್ತಿ ನದಿ ದಾಟಿ ಬ್ಯಾಟರಿ ಪಾರ್ಕಿಗೆ ಹೋಗಿ ಸೆಕ್ಯುರಿಟಿ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ಮತ್ತೆ ದೋಣಿಲಿ ನದಿ ದಾಟಿ ನಮ್ಮನೆ ಕಡೆಗೇ ವಾಪಸ್ ಬಂದ್ವಿ. ಹೆಂಡ್ತಿ ಒಂದು ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು.

ಇಲ್ಲಿಗೆ ಬರೋ ಜನ ಎಲ್ಲ ಮ್ಯೂಸಿಯಂ ನೋಡ್ಕೊಂಡು ಹೋಗ್ತಾರೆ. 1892ರಿಂದ 1954ರವರೆಗೆ 1 ಕೋಟಿ 20 ಲಕ್ಷ ವಲಸಿಗರು ಹಾದು ಹೋದ ಆ ದೊಡ್ಡ ಹಾಲ್. ದೋಣಿ ಇಳಿದ ತಕ್ಷಣ ಎಡಗಡೆ ಕಾಣೋ ಕೆಂಪು ಇಟ್ಟಿಗೆ ಕಟ್ಟಡಗಳು, ಅವೇ ಆಸ್ಪತ್ರೆ, ಒಟ್ಟು 22 ಕಟ್ಟಡ. ಅದಕ್ಕೆ ಬೇರೆ ಟೂರು, ತಲೆಗೆ ಹೆಲ್ಮೆಟ್ ಕೊಡ್ತಾರೆ, ಒಂದೂವರೆ ಗಂಟೆ. 2014ರಿಂದ ಮಾತ್ರ ಜನಕ್ಕೆ ಒಳಗೆ ಬಿಡ್ತಿರೋದು. ಅಮ್ಮ ಸೀರೆ ಮೇಲೆ ನನ್ನ ಜಾಕೆಟ್ಟು, ಅದರ ಮೇಲೆ ಹೆಲ್ಮೆಟ್ಟು, ಕ್ಯಾಂಟೀನ್ ಕಂಟ್ರಾಕ್ಟರ್ ಥರ ಕಾಣ್ತಿದ್ಲು. ಫೋಟೋ ತೆಗ್ದಿದೀನಿ, ಹಾಕ್ಬೇಡ ಅಂದಿದಾಳೆ.

ಟೂರ್ ಶುರು ಆಗೋ ಮುಂಚೆ ಹಾಲಲ್ಲಿ ಒಂದು ರೌಂಡ್ ಹಾಕಿದ್ವಿ. ಹಡಗಿನ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಪ್ರಯಾಣಿಕರಿಗೆ ಹಡಗಲ್ಲೇ ಒಂದು ನೋಟ ನೋಡಿ ಬಿಟ್ಬಿಡ್ತಿದ್ರು, ಮೂರನೇ ದರ್ಜೆಯವರು ಮಾತ್ರ ಇಲ್ಲಿ ಲೈನಲ್ಲಿ ನಿಲ್ಬೇಕು. ಡಾಕ್ಟ್ರು ಒಬ್ಬೊಬ್ಬರನ್ನ ನೋಡ್ತಿದ್ದಿದ್ದು ಕೆಲವೇ ಸೆಕೆಂಡು, ಡೌಟ್ ಬಂದ್ರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು. ಇ ಅಂದ್ರೆ ಕಣ್ಣು, ಎಚ್ ಅಂದ್ರೆ ಹೃದಯ, ಎಲ್ ಅಂದ್ರೆ ಕುಂಟು. ಎಲ್ಲಕ್ಕಿಂತ ಹೆದರಿಕೆ ಟ್ರಕೋಮ ಅನ್ನೋ ಕಣ್ಣಿನ ರೋಗ. ಅದನ್ನ ನೋಡಕ್ಕೆ ರೆಪ್ಪೆ ಮಗುಚ್ಬೇಕು, ಮಗುಚ್ತಿದ್ದಿದ್ದು ಶೂ ಗುಂಡಿ ಹಾಕೋ ಕೊಕ್ಕೆಯಿಂದ. ಆ ಕೊಕ್ಕೆ ಗಾಜಿನ ಪೆಟ್ಟಿಗೆಲಿ ಇಟ್ಟಿದಾರೆ. ನಾನು ಅಯ್ಯೋ ಅಂದೆ, ಅಮ್ಮ ಮಾತ್ರ "ಬೆರಳಲ್ಲೇ ಮಗುಚ್ಬಹುದು, ಕಡ್ಡಿ ಇಟ್ಕೊಂಡ್ರೆ ಇನ್ನೂ ಸಲೀಸು, ಆದ್ರೆ ಒಬ್ಬರಿಂದ ಒಬ್ಬರಿಗೆ ಆ ಕೊಕ್ಕೆ ತೊಳೀತಿದ್ರಾ?" ಅಂತ. ಟ್ರಕೋಮಕ್ಕೆ ಆ ಕಾಲದಲ್ಲಿದ್ದ ಔಷಧಿ ಅಂದ್ರೆ ರೆಪ್ಪೆಯ ಒಳಗಡೆ ಕಾಪರ್ ಸಲ್ಫೇಟ್ ಉಜ್ಜೋದು. ಅಂದ್ರೆ ಮೈಲುತುತ್ತ! ನಮ್ಮಜ್ಜ ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲ್ಸಿ ಗೊನೆಗೆ ಹೊಡೀತಿದ್ದ ಅದೇ ಮೈಲುತುತ್ತ. ಅದು ಕಣ್ಣಿಗೆ ಸಿಡಿದ್ರೆ ಏನಾಗುತ್ತೆ ಅಂತ ಮಲೆನಾಡಿನ ಯಾರನ್ನ ಕೇಳಿದ್ರೂ ಹೇಳ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆ ಉಜ್ಜಿಸ್ಕೊಂಡು ವಾಸಿ ಆದ್ರೆ ಒಳಗೆ, ಇಲ್ದಿದ್ರೆ ವಾಪಸ್ ಹಡಗು, ಅದರ ಖರ್ಚು ಹಡಗು ಕಂಪನಿದು.

ಟೂರಲ್ಲಿ ನಾವು ಹನ್ನೆರಡು ಜನ ಇದ್ವಿ. ಗೈಡು ರಿಟೈರ್ಡ್ ಮೇಷ್ಟ್ರು ಥರದ ಮನುಷ್ಯ, ವಾಲಂಟಿಯರ್ ಅಂತೆ. ಈ ಕಡೆಯ ಭೂಮಿನೇ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದು. ಮೊದ್ಲು ಸಾಮಾನ್ಯ ಆಸ್ಪತ್ರೆ, 1902ರಲ್ಲಿ. ಆಮೇಲೆ ಇನ್ನೊಂದು ತುಂಡು ದ್ವೀಪ ತುಂಬಿ ಅಂಟುರೋಗದ ಆಸ್ಪತ್ರೆ, ಅದು ಶುರು ಆಗಿದ್ದು 1911ರಲ್ಲಿ, 450 ಹಾಸಿಗೆ. ಎರಡರ ಮಧ್ಯೆ ಬೇಕಂತಲೇ ನೀರು ಬಿಟ್ಟಿದ್ರಂತೆ, ರೋಗ ನೀರು ದಾಟಲ್ಲ ಅನ್ನೋ ನಂಬಿಕೆಯಿಂದ. ಆಮೇಲೆ ಆ ನೀರನ್ನೂ ತುಂಬಿದಾರೆ, ಈಗ ಹುಲ್ಲು ಬೆಳ್ದಿದೆ. 1998ರಲ್ಲಿ ಸುಪ್ರೀಂ ಕೋರ್ಟು ಈ ತುಂಬಿದ ಜಾಗ ಎಲ್ಲ ನ್ಯೂಯಾರ್ಕಿದಲ್ಲ, ನ್ಯೂಜೆರ್ಸಿದು ಅಂತ ತೀರ್ಪು ಕೊಡ್ತು. ಹಾಗಾಗಿ ಲೆಕ್ಕಕ್ಕೆ ಇದು ನಮ್ಮೂರಿನ ಆಸ್ಪತ್ರೆನೇ.

ಮೊದ್ಲು ಲಾಂಡ್ರಿ. ದಿನಕ್ಕೆ 3000 ಬಟ್ಟೆ ಒಗೀತಿದ್ರಂತೆ, ಮೆಷಿನ್‌ಗಳು ತುಕ್ಕು ಹಿಡಿದು ಹಾಗೇ ನಿಂತಿವೆ. ಬೇರೆಯವರೆಲ್ಲ ಒಂದ್ಸಲ ನೋಡಿ ಫೋಟೋ ಹೊಡ್ದು ಮುಂದೆ ಹೋದ್ರು, ಅಮ್ಮ ಅಲ್ಲೇ ನಿಂತ್ಲು. ಅವಳ ವಾರ್ಡಲ್ಲಿ ವಾರಕ್ಕೆ ಎರಡು ಸಲ ದೋಬಿ ಬರ್ತಿದ್ದ, ಮಳೆಗಾಲದಲ್ಲಿ ಅದೂ ಇಲ್ಲ, ಬೆಡ್‌ಶೀಟ್ ಸಾಕಾಗದೆ ರೋಗಿಗಳಿಗೆ ಮನೆಯಿಂದ ಪಂಚೆ ತಗೊಂಬನ್ನಿ ಅಂತ ಹೇಳ್ತಿದ್ರಂತೆ.

ಆಮೇಲೆ ಉದ್ದ ಕಾರಿಡಾರು, ಸ್ವಲ್ಪ ಬಳುಕ್ಕೊಂಡು ಹೋಗುತ್ತೆ, ಅದರ ಎರಡೂ ಕಡೆ ವಾರ್ಡುಗಳು ಬಿಡಿ ಬಿಡಿಯಾಗಿ. ಒಂದಕ್ಕೊಂದು ಅಂಟ್ಕೊಂಡಿಲ್ಲ, ದಡಾರದ ವಾರ್ಡಿನ ಗಾಳಿ ಪಕ್ಕದ ವಾರ್ಡಿಗೆ ಹೋಗಬಾರದು ಅಂತ. ದಡಾರಕ್ಕೇ ಹಲವು ವಾರ್ಡು, ಅಷ್ಟು ಮಕ್ಕಳು ಬರ್ತಿದ್ವು. ಅದಲ್ಲದೆ ಸ್ಕಾರ್ಲೆಟ್ ಫೀವರ್, ಗಂಟಲುಮಾರಿ, ನಾಯಿಕೆಮ್ಮು, ಕ್ಷಯ. ಗೋಡೆಗಳ ಬಣ್ಣ ಎಲೆ ಎಲೆಯಾಗಿ ಎದ್ದು ಬರ್ತಿದೆ. ಕಿಟಕಿ ಗಾಜಿನ ಮೇಲೆ, ಗೋಡೆ ಮೇಲೆ ಅಲ್ಲಲ್ಲಿ ಹಳೇ ಕಾಲದ ವಲಸಿಗರ ಕಪ್ಪುಬಿಳುಪು ಫೋಟೋ ದೊಡ್ಡದಾಗಿ ಅಂಟಿಸಿದಾರೆ, ಜೆಆರ್ ಅನ್ನೋ ಫ್ರೆಂಚ್ ಕಲಾವಿದ 2014ರಲ್ಲಿ ಮಾಡಿದ್ದು. ಮೂಲೆ ತಿರುಗಿದ್ರೆ ತಲೆಗೆ ಬ್ಯಾಂಡೇಜ್ ಸುತ್ಕೊಂಡ ಮಕ್ಕಳು ನಿಂತು ನೋಡ್ತಿರ್ತಾವೆ. ನಂಗೆ ಎದೆ ಧಸಕ್ ಅಂತು, ನಿಜ ಹೇಳ್ಬೇಕಂದ್ರೆ.

ಗ್ರೂಪಲ್ಲಿದ್ದ ಒಬ್ಳು ಹುಡುಗಿ ಇಲ್ಲಿ ದೆವ್ವ ಇದಾವಾ ಅಂತ ಕೇಳಿದ್ಲು. ಗೈಡ್ ನಕ್ಕ, ದಿನಾ ಯಾರಾದ್ರೂ ಕೇಳ್ತಾರಂತೆ. ನಾನು ಅಮ್ಮಂಗೆ ಟ್ರಾನ್ಸ್‌ಲೇಟ್ ಮಾಡ್ದೆ. ಅವಳು ಆ ಕಡೆ ಲಕ್ಷ್ಯನೇ ಕೊಡದೆ ಗೋಡೆ ಮತ್ತು ನೆಲ ಸೇರೋ ಮೂಲೆನ ಕೈಯಲ್ಲಿ ಸವರ್ತಿದ್ಲು. ಮೂಲೆನೇ ಇಲ್ಲ ಅಲ್ಲಿ, ಗುಂಡಗೆ ತಿರುಗಿಸಿದಾರೆ, ಧೂಳು ಕೂರ್ಬಾರದು, ಒರಸಿದ್ರೆ ಒಂದೇ ಏಟಿಗೆ ಬರ್ಬೇಕು ಅಂತ. "ಈ ಬಿಲ್ಡಿಂಗ್ ಕಟ್ಟಿದೋನು ಆಯಾಗಳ ಹತ್ರ ಮಾತಾಡಿದಾನೆ ನೋಡು" ಅಂದ್ಲು. ಕಿಟಕಿಗಳೂ ಅಷ್ಟೇ, ಎದುರು ಬದುರು, ಆಳೆತ್ತರ. ಆಮೇಲೆ ನನ್ನ ಕೈ ಜಗ್ಗಿ "ಬೆಡ್‌ಪ್ಯಾನ್ ಎಲ್ಲಿ ತೊಳೀತಿದ್ರು ಕೇಳು" ಅಂದ್ಲು.

ನಂಗೆ ಮುಜುಗರ. ಆದ್ರೂ ಕೇಳ್ದೆ. ಗೈಡ್ ಒಂದು ಕ್ಷಣ ಅಮ್ಮನ್ನೇ ನೋಡಿ "ನರ್ಸಾ?" ಅಂದ, ಅವಳಿಗೆ ಅಷ್ಟು ಇಂಗ್ಲಿಷ್ ಬರುತ್ತೆ, "ಎಸ್, ಥರ್ಟಿ ತ್ರೀ ಇಯರ್ಸ್" ಅಂತ ಹೆಲ್ಮೆಟ್ ಸರಿ ಮಾಡ್ಕೊಂಡ್ಲು. ಅಲ್ಲಿಂದ ಮುಂದೆ ಟೂರೇ ಬದಲಾಯ್ತು. ಆ ಮನುಷ್ಯ ಪ್ರತಿ ರೂಮಲ್ಲೂ ಮೊದ್ಲು ಅಮ್ಮನ ಕಡೆ ತಿರುಗಿ ಮಾತಾಡ್ತಿದ್ದ. ವಾರ್ಡಿನ ಪಕ್ಕ ಒಂದು ಇಕ್ಕಟ್ಟು ಕೋಣೆ ತೋರಿಸಿ ಇದೇ ಇರ್ಬೇಕು ಅಂದ, ಅಮ್ಮ ಒಳಗೆ ಇಣುಕಿ ಗೋಡೆಲಿ ಪೈಪಿನ ಅಗಲ ನೋಡಿ ತಲೆ ಅಲ್ಲಾಡ್ಸಿದ್ಲು: "ಇದೇ, ಸ್ಲೂಯಿಸ್ ರೂಮು." ನಮ್ಮೂರ ವಾರ್ಡಲ್ಲಿ ಕಾಲರಾ ಮಂಚ ಅಂತಿತ್ತಂತೆ, ಮಧ್ಯೆ ತೂತು, ಕೆಳಗೆ ಬಕೆಟ್ಟು, ಎಷ್ಟು ಹೋಯ್ತು ಅಂತ ಅಳೆದು ಅಷ್ಟೇ ಸಲೈನ್ ಏರಿಸೋದು. ಆ ಬಕೆಟ್ ಹೊತ್ಕೊಂಡು ಹೋಗಕ್ಕೆ ಕಾರಿಡಾರಿನ ಆ ತುದಿವರೆಗೆ ನಡೀಬೇಕಿತ್ತು, ರಾತ್ರಿ ಆಯಾ ಬರದಿದ್ರೆ ಇವಳೇ. ಇದೆಲ್ಲ ನಂಗೆ ಮೊದಲನೇ ಸಲ ಕೇಳಿದ್ದು, ನಲವತ್ತು ವರ್ಷ ಅವಳ ಮಗನಾಗಿದ್ದೂ.

ಕ್ಷಯದ ಕೋಣೆಗಳು ದ್ವೀಪದ ತುದಿಯಲ್ಲಿ. ಒಂದೇ ಕೋಣೆಲಿ ಎರಡು ಸಿಂಕು, ಒಂದು ಕೈ ತೊಳೆಯಕ್ಕೆ, ಇನ್ನೊಂದು ಕಫ ಉಗಿಯಕ್ಕೆ. ಕಿಟಕಿಯಿಂದ ಲಿಬರ್ಟಿ ಪ್ರತಿಮೆ ಎಷ್ಟು ಹತ್ರ ಕಾಣುತ್ತೆ ಅಂದ್ರೆ ಬೇಜಾರಾಗುತ್ತೆ, ಕ್ಷಯ ಅಂತ ಗೊತ್ತಾದ್ರೆ ವಾಪಸ್ ಕಳ್ಸೋದೇ ಜಾಸ್ತಿ, ಅವರ ಪಾಲಿನ ಅಮೆರಿಕ ಅಂದ್ರೆ ಆ ಕಿಟಕಿ ಅಷ್ಟೇ. ಪೋಸ್ಟ್‌ಮಾರ್ಟಂ ಕೋಣೆಯೂ ತೋರಿಸ್ತಾರೆ, ಎಂಟು ಹೆಣ ಇಡೋ ಫ್ರಿಜ್ಜು, ಎದುರಿಗೆ ಡಾಕ್ಟ್ರುಗಳು ನಿಂತು ನೋಡಕ್ಕೆ ಮೆಟ್ಟಿಲು ಮೆಟ್ಟಿಲು. ಇಲ್ಲಿ ಒಟ್ಟು ಸುಮಾರು 3500 ಜನ ಸತ್ತಿದಾರೆ, ಸುಮಾರು 350 ಮಕ್ಕಳು ಹುಟ್ಟಿದಾವೆ. ಆ ಫ್ರಿಜ್ಜಿನ ಮುಂದೆ ಎಲ್ಲರೂ ಸುಮ್ಮನಾದ್ರು, ಅಮ್ಮನೂ. ಆದ್ರೆ ಈಚೆ ಬಂದ ಮೇಲೆ ಬೆರಳಲ್ಲಿ ಲೆಕ್ಕ ಹಾಕಿ "ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ, ಲಕ್ಷಗಟ್ಟಲೆ ಜನ ಬಂದು ಮಲಗಿದ ಕಡೆ, ಇಷ್ಟೇನಾ? ನಮಗಿಂತ ಚೆನ್ನಾಗಿ ನೋಡ್ಕೊಂಡಿದಾರೆ" ಅಂದ್ಲು. ನಾನು ದುಃಖ ಪಡಕ್ಕೆ ರೆಡಿಯಾಗಿ ಬಂದಿದ್ದೆ, ಇವಳು ಇನ್‌ಸ್ಪೆಕ್ಷನ್ನಿಗೆ ಬಂದ ಮೇಟ್ರನ್ ಥರ ಮಾರ್ಕ್ಸ್ ಕೊಡ್ತಾ ಇದಾಳೆ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾಸಿಗೆಯ ಆಟೋಕ್ಲೇವ್, ಅಂದ್ರೆ ಹಬೆಲಿ ರೋಗಾಣು ಸಾಯ್ಸೋ ಯಂತ್ರ. ಹಾಸಿಗೆಗೇ ಆಟೋಕ್ಲೇವ್! ಕಬ್ಬಿಣದ ದೊಡ್ಡ ಪೀಪಾಯಿ ಅಡ್ಡ ಮಲಗಿಸಿದ ಹಾಗಿದೆ, ಆಳು ಒಳಗೆ ಹೋಗಬಹುದು. ರೋಗಿ ಡಿಸ್ಚಾರ್ಜ್ ಆದ ತಕ್ಷಣ ಹಾಸಿಗೆನ ಇದರೊಳಗೆ ನೂಕಿ ಹಬೆ ಕೊಡೋದು. ಊರಲ್ಲಿ ಇವರು ಮಾಡ್ತಿದ್ದಿದ್ದು ಬಿಸಿಲಿಗೆ ಒಣಗಿಸೋದು, ಜೂನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಲ್ಲಿ ಬಿಸಿಲೆಲ್ಲಿ. ಅವಳು ಆ ಬಾಗಿಲಿನ ತಿರುಗಣೆ ಮೇಲೆ ಕೈ ಇಟ್ಟು ನಿಂತಿದ್ಲು, ಮುಟ್ಬೇಡಿ ಅಂತ ಬೋರ್ಡಿತ್ತು, ಗೈಡ್ ನೋಡಿಯೂ ನೋಡದ ಹಾಗೆ ಇದ್ದ.

ವಾಪಸ್ ದೋಣಿಲಿ "ನಮ್ಮೋರು ಯಾರೂ ಬಂದಿರ್ಲಿಲ್ವಾ ಇಲ್ಲಿಗೆ?" ಅಂತ ಕೇಳಿದ್ಲು. ಕೆಲವರು ಬಂದಿದ್ರು, ಹೂಗ್ಲಿ ಕಡೆಯ ಬಂಗಾಳಿ ಮುಸ್ಲಿಂ ವ್ಯಾಪಾರಿಗಳು 1890ರ ದಶಕದಲ್ಲಿ ಚಿಕನ್ ಕಸೂತಿ ಬಟ್ಟೆ ಗಂಟು ಹೊತ್ಕೊಂಡು ಈ ದಾರಿಲೇ ನ್ಯೂಜೆರ್ಸಿಯ ಸಮುದ್ರ ತೀರದ ಊರುಗಳಿಗೆ ಮಾರಕ್ಕೆ ಹೋಗ್ತಿದ್ರು. ಆಮೇಲೆ 1917ರ ಕಾನೂನು ಬಂತು, ನಮ್ಮ ಕಡೆಯವರು ವಲಸೆ ಬರೋ ಹಾಗೇ ಇಲ್ಲ ಅಂತ, ಕಾಯಿಲೆ ಇರ್ಲಿ ಬಿಡ್ಲಿ. 1946ರವರೆಗೂ ಹಾಗೇ, ಆಮೇಲೂ ವರ್ಷಕ್ಕೆ ನೂರು ಜನಕ್ಕೆ ಮಾತ್ರ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು "ಸೀಮೆಸುಣ್ಣದ ಖರ್ಚೂ ಉಳೀತು" ಅಂದ್ಲು.

ದಿನ 3, ಭಾನುವಾರ

ನಾರ್ತ್ ಬ್ರದರ್ ಐಲ್ಯಾಂಡ್. ಇದಕ್ಕೆ ಇಳಿಯಕ್ಕೆ ಬಿಡಲ್ಲ, ಹಕ್ಕಿಗಳಿಗೆ ಬಿಟ್ಟಿದಾರೆ. ಆದ್ರೆ ವಾಲ್ ಸ್ಟ್ರೀಟ್ ಕಟ್ಟೆಯಿಂದ ಸೌಂಡ್‌ವ್ಯೂಗೆ ಹೋಗೋ ಸಿಟಿ ಫೆರಿ ಅದರ ಹತ್ರದಿಂದನೇ ಹೋಗುತ್ತೆ. ಏಪ್ರಿಲ್ ಮೊದಲ ವಾರ, ಮರಗಳು ಇನ್ನೂ ಚಿಗುರಿರ್ಲಿಲ್ಲ, ಅದೇ ನಮ್ಮ ಅದೃಷ್ಟ, ಬೇಸಿಗೆಲಿ ಬರೀ ಹಸಿರು ಕಾಣುತ್ತಂತೆ. ಕೊರೆಯೋ ಗಾಳಿ. ಹೆಂಡ್ತಿ ಥರ್ಮಾಸ್ ಕಾಫಿ ತಂದಿದ್ಲು, ನಿನ್ನೆಯ ಟಿಕೆಟ್ಟಿಗೆ ಕ್ಷಮೆ ಸಿಕ್ಕಿದೆ ಅಂತ ಅರ್ಥ ಮಾಡ್ಕೊಂಡೆ.

ರೂಸ್‌ವೆಲ್ಟ್ ದ್ವೀಪದಿಂದ ಸಿಡುಬಿನವರನ್ನ ಸಾಗಿಸಿದ್ದು ಇಲ್ಲಿಗೇ, ರಿವರ್‌ಸೈಡ್ ಆಸ್ಪತ್ರೆ ಅಂತ. ಅಡುಗೆಯವಳು ಮೇರಿ ಮ್ಯಾಲನ್‌ನ ಇಟ್ಟಿದ್ದೂ ಇಲ್ಲೇ. ಟೈಫಾಯ್ಡ್ ಮೇರಿ ಅಂದ್ರೆ ಕೆಲವರಿಗೆ ಗೊತ್ತಿರ್ಬಹುದು. ಐರ್ಲೆಂಡಿಂದ ಬಂದೋಳು, ಶ್ರೀಮಂತರ ಮನೆಗಳಲ್ಲಿ ಅಡುಗೆ ಕೆಲ್ಸ, ಪೀಚ್ ಹಣ್ಣಿನ ಐಸ್‌ಕ್ರೀಮ್ ಚೆನ್ನಾಗಿ ಮಾಡ್ತಿದ್ಲಂತೆ. ಅವಳಿಗೆ ಜ್ವರ ಇಲ್ಲ ಏನಿಲ್ಲ, ಗಟ್ಟಿಮುಟ್ಟು, ಆದ್ರೆ ಹೋದ ಮನೆಲೆಲ್ಲ ಟೈಫಾಯ್ಡು. 1906ರಲ್ಲಿ ಒಂದು ಮನೆಲಿ ಆರು ಜನ ಮಲಗಿದ್ಮೇಲೆ ಜಾರ್ಜ್ ಸೋಪರ್ ಅನ್ನೋ ಇಂಜಿನಿಯರ್ ಜಾಡು ಹಿಡಿದು ಬಂದು, ಸೀದಾ ಅಡುಗೆಮನೆಗೆ ಹೋಗಿ, ನಿನ್ನ ಮಲ ಮೂತ್ರ ರಕ್ತ ಟೆಸ್ಟಿಗೆ ಕೊಡು ಅಂದ. ಅವಳು ಮಾಂಸ ಕುಯ್ಯೋ ಮುಳ್ಳುಚಮಚ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದ್ಲು. ಇದನ್ನ ಕೇಳಿ ಅಮ್ಮ ಬಿದ್ದು ಬಿದ್ದು ನಕ್ಕಳು. "ಸ್ಯಾಂಪಲ್ ಹಾಗಾ ಕೇಳೋದು! ಮೊದ್ಲು ಕೂತ್ಕೊಂಡು ಊರು ಯಾವ್ದು, ಮಕ್ಕಳೆಷ್ಟು ಅಂತ ಕೇಳ್ಬೇಕು, ಆಮೇಲೆ ಡಬ್ಬಿ ಕೈಗೆ ಕೊಡ್ಬೇಕು."

1907ರಲ್ಲಿ ಹಿಡಿದು ತಂದ್ರು, 1910ರಲ್ಲಿ ಇನ್ನು ಅಡುಗೆ ಮಾಡಲ್ಲ ಅಂತ ಮಾತು ತಗೊಂಡು ಬಿಟ್ರು. ಬಟ್ಟೆ ಒಗೆಯೋ ಕೆಲ್ಸದಲ್ಲಿ ಅಷ್ಟು ಸಂಬಳ ಇಲ್ಲ. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಲಿ 25 ಜನಕ್ಕೆ ಟೈಫಾಯ್ಡ್, ಇಬ್ರು ಸತ್ರು, ನೋಡಿದ್ರೆ ಅಡುಗೆಮನೆಲಿ ಬೇರೆ ಹೆಸ್ರಿಟ್ಕೊಂಡು ಇವಳೇ. ಮತ್ತೆ ಇದೇ ದ್ವೀಪ, ಈ ಸಲ 1938ರಲ್ಲಿ ಸಾಯೋವರೆಗೆ. ನಾನು ಪಾಪ ಅಂದೆ. ಅಮ್ಮ ಮಾತ್ರ ಒಪ್ಪಲಿಲ್ಲ. ಮೊದಲನೇ ಸಲ ಹಿಡಿದಿದ್ದು ಅನ್ಯಾಯ, ಅವಳಿಗೆ ಅರ್ಥ ಆಗೋ ಹಾಗೆ ಹೇಳಿಲ್ಲ, ಬೇರೆ ಕೆಲ್ಸ ಕಲಿಸಿಲ್ಲ. ಆದ್ರೆ ಎರಡನೇ ಸಲ, ಅದೂ ಬಾಣಂತಿಯರ ಅಡುಗೆಮನೆ, ಅದು ಮಾಡಬಾರದಿತ್ತು ಅಂತ. ಕೊನೆಯ ವರ್ಷಗಳಲ್ಲಿ ಮೇರಿಗೆ ಆಸ್ಪತ್ರೆಯ ಲ್ಯಾಬಲ್ಲೇ ಕೆಲ್ಸ ಕೊಟ್ಟಿದ್ರು ಅಂದಾಗ "ಅದನ್ನ 1910ರಲ್ಲೇ ಕೊಟ್ಟಿದ್ರೆ ಆಗ್ತಿತ್ತಲ್ಲ" ಅಂದ್ಲು.

ಅಷ್ಟೊತ್ತಿಗೆ ದ್ವೀಪ ಬಂತು. ತುಕ್ಕು ಹಿಡಿದ ಕಟ್ಟೆ, ಇಟ್ಟಿಗೆ ಚಿಮಣಿ, ಒಣ ಬಳ್ಳಿ ಸುತ್ಕೊಂಡ ಕಟ್ಟಡಗಳು, ಅವುಗಳ ನಡುವೆ ಎದ್ದು ಕಾಣೋದು ಕ್ಷಯದವರಿಗೆ ಅಂತ ಕಟ್ಟಿದ ದೊಡ್ಡ ಬ್ಲಾಕು. ಅದು ಮುಗಿದಿದ್ದು 1943ರಲ್ಲಿ. ತಮಾಷೆ ಅಂದ್ರೆ ಅದೇ 1943ರಲ್ಲಿ ನಮ್ಮನೆಯಿಂದ ಮುಕ್ಕಾಲು ಗಂಟೆ ದೂರದ ರಟ್ಗರ್ಸ್ ಯೂನಿವರ್ಸಿಟಿಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೋಮೈಸಿನ್ ಕಂಡು ಹಿಡಿದ್ರು, ಕ್ಷಯಕ್ಕೆ ಮೊದಲ ಮದ್ದು. ಯುದ್ಧ ಮುಗಿದ ಮೇಲೆ ದ್ವೀಪದಲ್ಲಿ ಸೈನಿಕರ ಕುಟುಂಬಗಳನ್ನ ಇಟ್ರು, ಆಮೇಲೆ ಡ್ರಗ್ಸ್ ಹುಡುಗರಿಗೆ ಚಿಕಿತ್ಸೆ, 1963ರಲ್ಲಿ ಎಲ್ಲ ಬಂದ್. "ಸ್ಟ್ರೆಪ್ಟೋ ಇಲ್ಲಿದ್ದಾ?" ಅಮ್ಮಂಗೆ ಆಶ್ಚರ್ಯ. ಎಷ್ಟು ಸಾವಿರ ಚುಚ್ಚಿದಾಳೋ. ಎರಡು ತಿಂಗಳು ದಿನಾ ಒಂದು, ಸೊಂಟ ಎಲ್ಲ ಗಂಟು ಗಂಟು, ಕಿವಿಲಿ ಗುಂಯ್ ಅನ್ನುತ್ತೆ ಸಿಸ್ಟರ್ ಅಂದ್ರೆ ತಕ್ಷಣ ಡಾಕ್ಟ್ರಿಗೆ ಹೇಳಿ ನಿಲ್ಲಿಸ್ಬೇಕು.

ಫೆರಿ ನಿಲ್ಲಲ್ಲ, ಎರಡು ಮೂರು ನಿಮಿಷದಲ್ಲಿ ದ್ವೀಪ ಹಿಂದೆ ಹೋಯ್ತು. ವಾಪಸ್ ಬರೋವಾಗ ಕತ್ತಲಾಗ್ತಿತ್ತು, ಸರಿಯಾಗಿ ಕಾಣ್ಲಿಲ್ಲ.

ರಾತ್ರಿ ಅಮ್ಮ ಊರಿಗೆ ವಾಟ್ಸಾಪ್ ಕಾಲ್ ಮಾಡಿದ್ಲು, ಜೊತೆಲಿ ಕೆಲ್ಸ ಮಾಡಿದ್ದ ಸಿಸ್ಟರ್ ಒಬ್ಬರಿಗೆ, ಅವರೂ ರಿಟೈರ್ಡ್. ಲಿಬರ್ಟಿ ಪ್ರತಿಮೆ ನೋಡಿದ್ಯಾ ಅಂತ ಆ ಕಡೆಯಿಂದ ಕೇಳ್ತಿದ್ರು, ಸ್ಪೀಕರಲ್ಲಿತ್ತು, ನಂಗೂ ಕೇಳ್ತಿತ್ತು. "ಅದಿರ್ಲಿ ಮಾರಾಯ್ತಿ, ಅಲ್ಲೊಂದು ಆಟೋಕ್ಲೇವ್ ಇದೆ, ಇಡೀ ಹಾಸಿಗೆನೇ ಒಳಗೆ ಹೋಗುತ್ತೆ!" ಅಂತ ಎರಡೂ ಕೈ ಅಗಲ ಮಾಡಿ ಅಳತೆ ತೋರಿಸ್ತಿದ್ಲು. ಫೋನು ಸೋಫಾ ಮೇಲೆ ಬಿದ್ದಿತ್ತು, ಆ ಕಡೆಯವರಿಗೆ ಕಾಣ್ತಿದ್ದಿದ್ದು ನಮ್ಮನೆ ಸೀಲಿಂಗು.